ಕೆಂಧೂಳಿನ ರಸ್ತೆಗೆ ಯಾವ ಏರ್ ಫಿಲ್ಟರ್? ಕಾಗದದ್ದು, ತೊಳೆಯುವಂಥದ್ದು ಎರಡನ್ನೂ ಬಳಸಿದ ಮೇಲೆ

ಸಂಡೂರು, ತೋರಣಗಲ್ಲು, ಹೊಸಪೇಟೆ ಕಡೆ ಕಾರು ಓಡಿಸುವವರಿಗೆ ಧೂಳಿನ ವರ್ಣನೆ ಬೇಕಿಲ್ಲ. ಅದಿರಿನ ಲಾರಿಯ ಹಿಂದೆ ಸ್ವಲ್ಪ ದೂರ ಹೋದರೂ ಸಾಕು, ಗಾಜು, ಬಾನೆಟ್, ಬಾಗಿಲ ಸಂದು ಎಲ್ಲವೂ ಕೆಂಪು. ಈ ರಸ್ತೆಗಳಲ್ಲಿ ನನ್ನ 1.2 ಲೀಟರ್ ಪೆಟ್ರೋಲ್ ಸ್ವಿಫ್ಟ್ ವರ್ಷಗಟ್ಟಲೆ ಓಡಿದೆ. ಅದಕ್ಕೆ ಕಂಪನಿಯ ಕಾಗದದ ಫಿಲ್ಟರನ್ನೂ ಹಾಕಿದ್ದೇನೆ, ತೊಳೆದು ಎಣ್ಣೆ ಹಚ್ಚಿ ಮತ್ತೆ ಬಳಸುವ ಹತ್ತಿಯ ಫಿಲ್ಟರನ್ನೂ ಹಾಕಿ ನೋಡಿದ್ದೇನೆ. ಈಗ ಕಾಗದದ್ದೇ ಇದೆ, ಮುಂದೆಯೂ ಅದೇ ಇರುತ್ತದೆ.

ಮೊದಲು ಮೈಲೇಜ್ ವಿಷಯ. ‘ಫಿಲ್ಟರ್ ಬದಲಿಸಿ, ಮೈಲೇಜ್ ಏರುತ್ತದೆ’ ಎಂದು ಎಲ್ಲರೂ ಹೇಳುತ್ತಾರೆ. ಕಾರ್ಬ್ಯುರೇಟರ್ ಇದ್ದ ಹಳೆಯ ಕಾರುಗಳಿಗೆ ಈ ಮಾತು ಒಪ್ಪುತ್ತದೆ. ಇಂದಿನ ಇಂಜೆಕ್ಷನ್ ಎಂಜಿನ್‌ನಲ್ಲಿ ಒಳಗೆ ಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲನ್ನು ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಬಿಡುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿದಾಗಲೂ, ಹೊಸ ಬಗೆಯ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರ್ ಬದಲಿಸಿದ್ದರಿಂದ ಮೈಲೇಜ್ ಹೇಳಿಕೊಳ್ಳುವಂತೆ ಹೆಚ್ಚಲಿಲ್ಲ. ಪಿಕಪ್ ಮಾತ್ರ ಶೇ 6ರಿಂದ 11ರಷ್ಟು ಸುಧಾರಿಸಿತು. ನನ್ನ ಅನುಭವವೂ ಅದೇ. ಫಿಲ್ಟರ್ ಕಟ್ಟಿಕೊಂಡಾಗ ಪೆಟ್ರೋಲ್ ಬಂಕಿನ ಲೆಕ್ಕ ಬದಲಾಗಲಿಲ್ಲ, ಆದರೆ ಸಂಡೂರಿನ ಏರುಗಳಲ್ಲಿ ಲಾರಿ ಹಿಂದಿಕ್ಕಲು ಗೇರ್ ಇಳಿಸಬೇಕಾಗುತ್ತಿತ್ತು.

ಫಿಲ್ಟರಿನ ನಿಜವಾದ ಕೆಲಸ ಎಂಜಿನ್ ಕಾಯುವುದು. ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಅಷ್ಟೂ ಗಾಳಿ ಫಿಲ್ಟರಿನ ಮಡಿಕೆಗಳ ಮೂಲಕವೇ ಹಾಯಬೇಕು. ತಪ್ಪಿಸಿಕೊಂಡು ಒಳಹೊಕ್ಕ ಮರಳಿನ ಕಣ ಪಿಸ್ಟನ್ ರಿಂಗು, ಸಿಲಿಂಡರ್ ಗೋಡೆಗಳನ್ನು ಸಾಣೆಕಲ್ಲಿನಂತೆ ಉಜ್ಜುತ್ತದೆ. ಅದರ ಫಲ ಗೊತ್ತಾಗುವುದು ಬಹಳ ತಡವಾಗಿ, ಎಂಜಿನ್ ಆಯಿಲ್ ಕುಡಿಯಲು ಶುರುಮಾಡಿದಾಗ. ಆ ಹೊತ್ತಿಗೆ ನಾಲ್ಕೈದು ನೂರು ರೂಪಾಯಿಯ ಫಿಲ್ಟರಿನಿಂದ ಆಗುವ ಕೆಲಸ ಏನೂ ಉಳಿದಿರುವುದಿಲ್ಲ.

ಹತ್ತಿಯ ಫಿಲ್ಟರ್ ಬಿಟ್ಟದ್ದೂ ಇದೇ ಕಾರಣಕ್ಕೆ. ಅದಕ್ಕೆ ಕೊಟ್ಟ ದುಡ್ಡಿನಲ್ಲಿ ಕಾಗದದವು ಹತ್ತು ಬರುತ್ತವೆ. ಆಕ್ಸಿಲರೇಟರ್ ತುಳಿದಾಗ ಗಾಳಿ ಎಳೆಯುವ ಸದ್ದು ಜೋರಾಯಿತು, ಓಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಡಬ್ಬಿಯ ಮುಚ್ಚಳ ಬಿಚ್ಚಿ, ಫಿಲ್ಟರಿನಿಂದ ಎಂಜಿನ್ ಕಡೆಗೆ ಹೋಗುವ ಕೊಳವೆಯೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿದೆ. ಬಟ್ಟೆಗೆ ನುಣ್ಣನೆಯ ಕೆಂಪು ಪುಡಿ ಹತ್ತಿತು. ಕಾಗದದ ಫಿಲ್ಟರ್ ಇದ್ದಾಗ ಅದೇ ಜಾಗ ಒರೆಸಿದರೆ ಬಟ್ಟೆ ಹೆಚ್ಚುಕಡಿಮೆ ಬೆಳ್ಳಗೇ ಇರುತ್ತದೆ. ಜೊತೆಗೆ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಹದವಾಗಿ ಎಣ್ಣೆ ಹಚ್ಚುವವರೆಗೆ ಕಾರು ನಿಂತಿರಬೇಕು. ಎಣ್ಣೆ ಕಡಿಮೆಯಾದರೆ ಧೂಳು ನುಸುಳುತ್ತದೆ. ಹೆಚ್ಚಾದರೆ, ಗಾಳಿ ಅಳೆಯುವ ಬಿಸಿತಂತಿಯ ಸೆನ್ಸರ್ ಇರುವ ಕಾರುಗಳಲ್ಲಿ ಅದರ ಮೇಲೆಯೇ ಕೂರುತ್ತದೆ. ಟಾರು ರಸ್ತೆ ಬಿಟ್ಟು ಇಳಿಯದವರಿಗೆ ಇದು ನಡೆಯಬಹುದು, ನಮ್ಮ ಕಡೆಗೆ ಬೇಡ.

ಕಾಗದದ ಫಿಲ್ಟರಿಗೂ ನಿಯಮವಿದೆ. ಸರ್ವೀಸ್‌ನಲ್ಲಿ ಕಂಪ್ರೆಸರಿನಿಂದ ಜೋರಾಗಿ ಗಾಳಿ ಹೊಡೆದು ಅದೇ ಫಿಲ್ಟರನ್ನು ಮತ್ತೆ ಕೂರಿಸುವ ರೂಢಿ ಎಲ್ಲೆಡೆ ಇದೆ. ಆ ಒತ್ತಡಕ್ಕೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳಬಹುದು. ಅದಕ್ಕೇ ‘ಗಾಳಿ ಹೊಡೆಯಬೇಡಿ ಅಣ್ಣಾ, ಹಾಳಾಗಿದ್ದರೆ ಹೊಸದೇ ಹಾಕಿ’ ಎಂದು ಮೊದಲೇ ಹೇಳಿಬಿಡುತ್ತೇನೆ. ಹಾಗೆಂದು ವಾರವಾರ ಬಿಚ್ಚಿ ನೋಡುವುದೂ ಬೇಡ. ಬಿಚ್ಚಿದಾಗಲೆಲ್ಲ ಡಬ್ಬಿಯಲ್ಲಿನ ಪುಡಿ ಎಂಜಿನ್ ಬದಿಗೆ ಉದುರುವ ಭಯವಿದೆ. ಮಡಿಕೆಗಳಲ್ಲಿ ಸ್ವಲ್ಪ ಧೂಳು ಕೂತ ಫಿಲ್ಟರ್ ಹೊಚ್ಚ ಹೊಸದಕ್ಕಿಂತ ಚೆನ್ನಾಗಿಯೇ ಸೋಸುತ್ತದೆ. ಕಾರಿನ ಕೈಪಿಡಿಯಲ್ಲಿ ಧೂಳಿನ ರಸ್ತೆಗೆಂದೇ ಬೇರೆ ಅವಧಿ ಕೊಟ್ಟಿರುತ್ತಾರೆ, ನಾನು ಅದನ್ನೇ ಪಾಲಿಸುತ್ತೇನೆ.

ಅಗ್ಗದ ನಕಲಿ ಮಾಲು ಕೊಳ್ಳುವ ಮುನ್ನ ಸುತ್ತಲಿನ ರಬ್ಬರ್ ಅಂಚನ್ನು ಒತ್ತಿ ನೋಡಿ. ಅದು ಗಡಸಾಗಿದ್ದರೆ, ಒಂದೆಡೆ ಡೊಂಕಾಗಿದ್ದರೆ ಗಾಳಿ ಕಾಗದವನ್ನು ತಪ್ಪಿಸಿ ಆ ಸಂದಿನಿಂದಲೇ ನುಗ್ಗುತ್ತದೆ.

ಎ.ಸಿ. ಗಾಳಿ ಮಂದವಾದರೆ ಈ ಫಿಲ್ಟರನ್ನು ದೂರಬೇಡಿ. ಅದಕ್ಕೆ ಕ್ಯಾಬಿನ್ ಫಿಲ್ಟರ್ ಬೇರೆಯೇ ಇದೆ, ಸಾಮಾನ್ಯವಾಗಿ ಗ್ಲೋವ್ ಬಾಕ್ಸಿನ ಹಿಂದೆ. ನಾನು ಎರಡನ್ನೂ ಒಟ್ಟಿಗೇ ಬದಲಿಸುತ್ತೇನೆ.