ಆರ್‌ಎಕ್ಸ್ 100: ಹಳೇ ಬ್ಲಾಕ್‌ಗೆ ಬೋರ್ ಮಾಡಿಸೋದಾ, ಹೊಸ ಕಿಟ್ ತರೋದಾ?

ನಿಮ್ಮ ಯಮಹಾ ಆರ್‌ಎಕ್ಸ್ 100 ಬೈಕಿನ ಕಂಪ್ರೆಷನ್ (ಎಂಜಿನ್ ಒಳಗಿನ ಒತ್ತಡ) ಬಿದ್ದಿದೆ, ಕೈಯಲ್ಲಿ ಜಾಸ್ತಿ ದುಡ್ಡಿಲ್ಲ ಅಲ್ವಾ? ಕಂಪನಿಯ ಹಳೇ ಬ್ಲಾಕನ್ನು (ಪಿಸ್ಟನ್ ಓಡಾಡುವ ಸಿಲಿಂಡರನ್ನು) ಮಾತ್ರ ಸುಮ್ನೆ ಗುಜರಿಗೆ ಹಾಕಬೇಡಿ.

ಅದರ ಬೋರ್, ಅಂದರೆ ಒಳವ್ಯಾಸ, 50 ಮಿ.ಮೀ. ಒಳಗಿರುವುದು ಕಬ್ಬಿಣದ ಸ್ಲೀವ್ (ಕೊಳವೆ), ಹಾಗಾಗಿ 0.25, 0.50 ಮಿ.ಮೀ. ಅಂತ ಹಂತಹಂತವಾಗಿ ಬೋರ್ ಮಾಡಿಸಿ (ಕೊರೆಸಿ ಅಗಲ ಮಾಡಿಸಿ) ಅಷ್ಟೇ ದೊಡ್ಡದಾದ ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಮೊದಲು ಒಳ್ಳೇ ಪಿಸ್ಟನ್ ಕೊಳ್ಳಿ, ಅದನ್ನೇ ಲೇತ್‌ನವರ ಕೈಗೆ ಕೊಡಿ, ಯಾಕೆಂದರೆ ಆ ಪಿಸ್ಟನ್ನಿನ ಅಳತೆಗೇ ಅವರು ಬೋರ್ ಮಾಡಬೇಕು, ಪೋರ್ಟ್‌ಗಳ (ಬ್ಲಾಕ್ ಗೋಡೆಯ ಕಿಂಡಿಗಳ) ಚೂಪು ಅಂಚನ್ನೂ ಸವರಬೇಕು, ಇಲ್ಲದಿದ್ದರೆ ರಿಂಗ್ ಸಿಕ್ಕಿಕೊಂಡು ಮುರಿಯಬಹುದು. ಇದಕ್ಕೆ ಸ್ವಲ್ಪ ಓಡಾಟ ಇದೆ. ಆದರೆ ಗಾಡಿಯ ಮೂಲ ಎಳೆತ ಉಳಿಯುತ್ತದೆ.

ಹೊಸ ಕಿಟ್‌ನಲ್ಲಿ ಬ್ಲಾಕ್, ಪಿಸ್ಟನ್, ರಿಂಗ್ ಎಲ್ಲ ಒಟ್ಟಿಗೆ ಬರುತ್ತವೆ, ಕೆಲಸ ಬೇಗ ಮುಗಿಯುತ್ತದೆ. ಅಗ್ಗದ ಕಿಟ್‌ನಲ್ಲಿ ಪೋರ್ಟ್ ಎತ್ತರ ಹೆಚ್ಚುಕಡಿಮೆ ಇದ್ದರೆ ಮಾತ್ರ ಗಾಡಿಯ ಗುಣವೇ ಬದಲಾಗುತ್ತದೆ. ಕೊನೇ ಓವರ್‌ಸೈಜೂ ಮುಗಿದಿದ್ದರೆ, ಬ್ಲಾಕ್ ಬಿರುಕು ಬಿಟ್ಟಿದ್ದರೆ ಕಿಟ್ ತನ್ನಿ.

ಯಾವುದಾದರೂ ಸರಿ, ಬ್ಲಾಕ್ ಬಿಚ್ಚಿದಾಗ ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದು ನೋಡಿ. ಆಡಿದರೆ ಕ್ರ್ಯಾಂಕ್ ಕೆಲಸವೇ ಮೊದಲು. ಗ್ಯಾಸ್ಕೆಟ್, ಪಿಸ್ಟನ್ ಪಿನ್ ಹಿಡಿದಿಡುವ ಸರ್ಕ್ಲಿಪ್ ಹೊಸದೇ ಇರಲಿ, ಪಿಸ್ಟನ್ ಮೇಲಿನ ಬಾಣ ಸೈಲೆನ್ಸರ್ ಕಡೆಗಿರಲಿ.