ಬ್ಯಾಟರಿ ಬ್ರಷ್ ಕಟರ್: ಎರಡು ಮಳೆಗಾಲ ದುಡಿಸಿದ ಮೇಲೆ

ಹುಲ್ಲು, ಕಳೆ ಕತ್ತರಿಸುವ ಈ ಮಷಿನ್ ಕೈಗೆ ಕೊಡುವಾಗ ಅಂಗಡಿಯವರು ಹೇಳಿದ್ದು ಒಂದೇ ಮಾತು. "ಇನ್ಮೇಲೆ ಪೆಟ್ರೋಲ್ ಖರ್ಚಿಲ್ಲ ಸಾರ್." ಪೆಟ್ರೋಲ್ ಖರ್ಚಿಲ್ಲ, ನಿಜ. ಖರ್ಚೇ ಇಲ್ಲ ಅಂತ ನಾನು ಅರ್ಥ ಮಾಡಿಕೊಂಡಿದ್ದೆ, ಅದು ನನ್ನ ತಪ್ಪು.

ತುಮಕೂರಿನಲ್ಲಿ ಹುಲ್ಲು ಕತ್ತರಿಸಿ ಜಾಗ ಚೊಕ್ಕಟ ಮಾಡಿಕೊಡುವ ಕೆಲಸ, ನಮ್ಮದು ನಾಲ್ಕು ಜನರ ತಂಡ. ಎಸ್.ಎಸ್. ಪುರಂ ಕಡೆ ಒಂದು ನರ್ಸಿಂಗ್ ಹೋಮ್, ಒಂದು ಶಾಲೆ, ವಸಂತನರಸಾಪುರದಲ್ಲಿ ಎರಡು ಫ್ಯಾಕ್ಟರಿ ಕಾಂಪೌಂಡ್, ಕ್ಯಾತಸಂದ್ರದ ಆಚೆ ಒಂದಷ್ಟು ಖಾಲಿ ಸೈಟುಗಳು. 2024ರ ಜೂನ್‌ನಲ್ಲಿ 56 ವೋಲ್ಟ್‌ನ ಬ್ರಷ್ ಕಟರ್, ಅದೇ ಬ್ಯಾಟರಿ ಕೂರುವ, ಎಲೆ ಕಸ ಊದುವ ಬ್ಲೋವರ್, ಬೇಲಿ ಗಿಡ ಕತ್ತರಿಸುವ ಹೆಡ್ಜ್ ಟ್ರಿಮ್ಮರ್ ತಗೊಂಡೆ. ಜೊತೆಗೆ 5 ಆಂಪಿಯರ್ ಅವರ್‌ನ ಮೂರು ಬ್ಯಾಟರಿ. ಹಳೇ 35 ಸಿಸಿ ಫೋರ್ ಸ್ಟ್ರೋಕ್ ಪೆಟ್ರೋಲ್ ಮಷಿನ್ ಮಾರಲಿಲ್ಲ. ಮಾರದೇ ಇದ್ದದ್ದೇ ಒಳ್ಳೆಯದಾಯಿತು.

ಲೆಕ್ಕ ನೋಡಿ. 56ನ್ನು 5ರಿಂದ ಗುಣಿಸಿದರೆ 280 ವ್ಯಾಟ್ ಅವರ್, ಅಂದರೆ ಕಾಲು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಚಾರ್ಜರ್ ಬಿಸಿಯಾಗಿ ಕಳೆಯುವುದನ್ನು ಸೇರಿಸಿದರೂ ಒಂದು ಸಲ ತುಂಬಿಸಲು ಮೂರು ರೂಪಾಯಿ ಸಾಕು. ಗರಿಕೆ, ಎಳೆ ಹುಲ್ಲಿನಲ್ಲಿ ಅರ್ಧ ಗಂಟೆ ಓಡುತ್ತದೆ. ಇಲ್ಲಿಯವರೆಗೆ ಅಂಗಡಿಯವರ ಮಾತು ಸರಿ. ಆದರೆ ನನಗೆ ಒಂದೊಂದು ಬ್ಯಾಟರಿಗೆ 18,000 ಬಿತ್ತು. ಅದು 500 ಸಲ ಚಾರ್ಜ್ ತಡೆಯಿತು ಅಂತಿಟ್ಟುಕೊಳ್ಳಿ, ಪ್ರತಿ ಚಾರ್ಜ್‌ಗೆ ಬ್ಯಾಟರಿ ಸವಕಳಿಯೇ 36 ರೂಪಾಯಿ. ಗಂಟೆಗೆ ಎರಡು ಚಾರ್ಜ್, ಕರೆಂಟೂ ಸೇರಿ 78. ನನ್ನ ಪೆಟ್ರೋಲ್ ಮಷಿನ್ ಗಂಟೆಗೆ ಮುಕ್ಕಾಲು ಲೀಟರ್ ಕುಡಿಯುತ್ತದೆ. ಲೀಟರ್ ನೂರು ದಾಟಿದೆ. ಎರಡೂ ಅಲ್ಲಿಂದಲ್ಲಿಗೆ ಸರಿಹೋಯಿತು ಅಲ್ವಾ? ಇನ್ನು ಸೆಪ್ಟೆಂಬರ್ ಮಳೆ ಬಿದ್ದ ಮೇಲೆ ಸೈಟುಗಳಲ್ಲಿ ಪಾರ್ಥೇನಿಯಂ ಸೊಂಟದೆತ್ತರ ನಿಂತಿರುತ್ತದೆ. ಅಲ್ಲಿ ಒಂದು ಬ್ಯಾಟರಿ ಇಪ್ಪತ್ತು ನಿಮಿಷಕ್ಕೆ ಖಾಲಿ. ಮೂರನ್ನೂ ಮುಗಿಸಿ, ಚಾರ್ಜ್ ಹಾಕಲು ಕರೆಂಟಿಲ್ಲದ ಸೈಟಿನಲ್ಲಿ ಸುಮ್ನೆ ಕೂತಿದ್ದೇವೆ. ಆ ಕೆಲಸಕ್ಕೆ ಈಗ ಪೆಟ್ರೋಲ್ ಮಷಿನ್, ಮೂರು ಹಲ್ಲಿನ ಬ್ಲೇಡು. ಎರಡನೇ ಮಾತಿಲ್ಲ.

ಹಾಗಿದ್ದೂ ಬ್ಯಾಟರಿ ಮಷಿನ್ ಯಾಕೆ ಇಟ್ಟುಕೊಂಡಿದ್ದೀರಿ ಅಂತೀರಾ? ನರ್ಸಿಂಗ್ ಹೋಮ್‌ಗೋಸ್ಕರ. ಮುಂಚೆ ಅಲ್ಲಿ ಮಷಿನ್ ಸ್ಟಾರ್ಟ್ ಮಾಡಿದ ಎರಡೇ ನಿಮಿಷಕ್ಕೆ ಮೇಲಿನ ಕಿಟಕಿಯಿಂದ ಸಿಸ್ಟರ್ ಕೈ ಬೀಸುತ್ತಿದ್ದರು. ಅವರದ್ದೇನೂ ತಪ್ಪಿಲ್ಲ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ನಿಶ್ಶಬ್ದ ವಲಯಕ್ಕೆ ಹಗಲಲ್ಲೂ 50 ಡೆಸಿಬಲ್ ಮಿತಿ. ಬ್ಯಾಟರಿ ಮಷಿನ್ ಕೂಡ ಅಷ್ಟು ಮೆತ್ತಗೆ ಓಡುವುದಿಲ್ಲ, ಹುಲ್ಲು ಕತ್ತರಿಸಲು ಗಿರಗಿರ ತಿರುಗುವ ನೈಲಾನ್ ದಾರ ಗಾಳಿ ಸೀಳುವ ಸದ್ದು ಇದ್ದೇ ಇದೆ. ಆದರೆ ಇಂಜಿನ್ ಅರಚಾಟ ಇಲ್ಲ, ಹೊಗೆ ಇಲ್ಲ. ಈಗ ಬೆಳಿಗ್ಗೆ ಏಳಕ್ಕೇ ಕೆಲಸ ಶುರು, ಇದುವರೆಗೆ ಯಾರೂ ಕಿಟಕಿ ತೆಗೆದಿಲ್ಲ. ಶಾಲೆಯಲ್ಲೂ ಪರೀಕ್ಷೆ ದಿನ ರಜೆ ಹಾಕಬೇಕಾಗಿಲ್ಲ.

ಇನ್ನೊಂದು ನಮ್ಮ ಹುಡುಗರ ಕೈ. ಪೆಟ್ರೋಲ್ ಮಷಿನ್ ಹಿಡಿದ ದಿನ ಸಂಜೆ ಟೀ ಲೋಟ ಹಿಡಿದರೆ ಬೆರಳು ನಡುಗುತ್ತಿದ್ದವು. "ಇದ್ರಲ್ಲಿ ಕೈ ಜೋಮು ಹಿಡಿಯಲ್ಲ ಅಣ್ಣ," ಅಂತ ಒಬ್ಬ ಮೊದಲ ವಾರವೇ ಹೇಳಿದ. ಈಗ ಬೆಳಿಗ್ಗೆ ಗಾಡಿ ಹತ್ತುವಾಗಲೇ ಬ್ಯಾಟರಿದು ಯಾರಿಗೆ ಅಂತ ಜಗಳ.

ಪೆಟ್ರೋಲಿನ ಕಾಟವೂ ಕಮ್ಮಿ ಇಲ್ಲ. ನಮ್ಮಲ್ಲಿ ಮೊದಲು ಒಂದು ಟೂ ಸ್ಟ್ರೋಕ್ ಇತ್ತು. ಲೀಟರಿಗೆ 20 ಎಂಎಲ್ ಆಯಿಲ್ ಬೆರೆಸಬೇಕು. ಹೊಸ ಹುಡುಗ ಬರೀ ಪೆಟ್ರೋಲ್ ಸುರಿದ, ಪಿಸ್ಟನ್ ಜಾಮ್, ಕಥೆ ಮುಗಿಯಿತು. ಈಗಿನ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್ ಬೇರೆ. ಅದು ತೇವ ಎಳೆದುಕೊಳ್ಳುತ್ತದೆ. ಎರಡು ತಿಂಗಳು ಟ್ಯಾಂಕಲ್ಲಿ ಬಿಟ್ಟು ಹಗ್ಗ ಎಳೆದರೆ ಭುಜ ನೋವೇ ಹೊರತು ಮಷಿನ್ ಎದ್ದೇಳುವುದಿಲ್ಲ. ಕಾರ್ಬೋರೇಟರ್ ಎರಡು ಸಲ ಬಿಚ್ಚಿಸಿದ ಮೇಲೆ ಬುದ್ಧಿ ಬಂತು. ಈಗ ಕೆಲಸ ಮುಗಿದರೆ ಟ್ಯಾಂಕ್ ಬಸಿದು, ತಾನಾಗೇ ಆಫ್ ಆಗುವವರೆಗೆ ಓಡಿಸಿ ಇಡುತ್ತೇವೆ.

ಬ್ಯಾಟರಿಗೆ ಆಗದಿರುವುದು ಬಿಸಿಲು. ಏಪ್ರಿಲ್‌ನಲ್ಲಿ ಟಾಟಾ ಏಸ್ ಹಿಂದೆ ತಗಡಿನ ಪೆಟ್ಟಿಗೆಯಲ್ಲಿಟ್ಟಿದ್ದೆವು. ಚಾರ್ಜರ್‌ಗೆ ಹಾಕಿದರೆ ಕೆಂಪು ದೀಪ, ತಣ್ಣಗಾಗುವವರೆಗೆ ಒಳಗೆ ಕರೆಂಟೇ ಬಿಡುವುದಿಲ್ಲ. ಈಗ ಹಣ್ಣಿನ ಕ್ರೇಟಿನಲ್ಲಿಟ್ಟು ಹೊಂಗೆ ಮರದ ನೆರಳಿಗೆ ಇಡುತ್ತೇವೆ. ಕೆಲಸ ಇಲ್ಲದ ತಿಂಗಳು ಅರ್ಧ ಚಾರ್ಜ್‌ನಲ್ಲೇ ಎತ್ತಿಡುತ್ತೇವೆ.

ಬ್ರ್ಯಾಂಡ್ ಹೆಸರು ಬೇಕಂತಲೇ ಬರೆದಿಲ್ಲ. ಮೂರರಲ್ಲಿ ಒಂದು ಬ್ಯಾಟರಿ ಹದಿನಾಲ್ಕನೇ ತಿಂಗಳಿಗೆ ಸತ್ತಿತು. ಡಬ್ಬದ ಮೇಲೆ ಮೂರು ವರ್ಷ ವಾರಂಟಿ ಅಂತ ದೊಡ್ಡದಾಗಿದೆ. ಅದು ಮನೆ ಬಳಕೆಗೆ. ಜಿಎಸ್‌ಟಿ ನಂಬರ್ ಹಾಕಿಸಿ ಬಿಲ್ ಮಾಡಿಸಿದ್ದೆನಲ್ಲ, ಹಾಗಾಗಿ ನಾನು ವ್ಯಾಪಾರದ ಗಿರಾಕಿ, ನನಗೆ ಒಂದೇ ವರ್ಷ. ಆ ಸಾಲು ಪುಸ್ತಕದ ಕೊನೆ ಪುಟದಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿತ್ತು. ನೀವು ತಗೊಳ್ಳುವುದಾದರೆ ದುಡ್ಡು ಕೊಡುವ ಮೊದಲೇ ಇದನ್ನು ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ.

ಸತ್ತ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕುವ ಹಾಗಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ಸಂಗ್ರಹಿಸುವ ಹೊಣೆ ತಯಾರಕರದ್ದು. ಅದನ್ನೇ ಹಿಡಿದು ಅಂಗಡಿಗೆ ಹೋದೆ. "ಇಟ್ಟು ಹೋಗಿ ಸಾರ್," ಅಂದರು. ಹೊಸದಕ್ಕೆ ಏನಾದರೂ ಕಮ್ಮಿ ಮಾಡ್ತೀರಾ ಅಂದೆ. ಒಂದು ಕ್ಯಾಪ್ ಕೊಟ್ಟರು.