ಎಚ್.ಟಿ. ಪ್ಯಾನೆಲ್ಲೋ ಎಲ್.ಟಿ. ಪ್ಯಾನೆಲ್ಲೋ? ನನ್ನ ವೋಟು ಎಲ್.ಟಿ.ಗೆ

ಪೀಣ್ಯದ ನನ್ನ ಹಳೇ ವರ್ಕ್‌ಶಾಪ್‌ನಲ್ಲಿ 415 ವೋಲ್ಟಿನ ಎಲ್.ಟಿ. (ಲೋ ಟೆನ್ಷನ್) ಪ್ಯಾನೆಲ್ ಇದೆ, ಅಂದರೆ ಕರೆಂಟ್ ಹಂಚುವ, ಎಡವಟ್ಟಾದರೆ ಕಡಿಯುವ ಪೆಟ್ಟಿಗೆ. ದಾಬಸ್‌ಪೇಟೆಯ ಹೊಸ ಘಟಕಕ್ಕೆ ಲೋಡ್ ಜಾಸ್ತಿ, ಹಾಗಾಗಿ ಅಲ್ಲಿ 11 ಕೆ.ವಿ. (11,000 ವೋಲ್ಟ್) ಎಚ್.ಟಿ. ಅಂದರೆ ಹೈ ಟೆನ್ಷನ್ ಲೈನ್, ಒಂದು ವಿ.ಸಿ.ಬಿ. (ವ್ಯಾಕ್ಯೂಮ್ ಸರ್ಕ್ಯೂಟ್ ಬ್ರೇಕರ್) ಪ್ಯಾನೆಲ್, ಸ್ವಂತ ಟ್ರಾನ್ಸ್‌ಫಾರ್ಮರ್. ಎರಡನ್ನೂ ಸಾಕುತ್ತಿದ್ದೇನೆ, ಪ್ರೀತಿ ಮಾತ್ರ ಎಲ್.ಟಿ. ಮೇಲೆ.

ಎಚ್.ಟಿ.ಯಲ್ಲಿ ನನ್ನ ತಲೆ ತಿಂದದ್ದು ಬ್ರೇಕರ್ ಅಲ್ಲ, ಬ್ಯಾಟರಿ. ಎಲ್.ಟಿ.ಯ ಸಾಮಾನ್ಯ ಬ್ರೇಕರ್ ಆದ ಎಂ.ಸಿ.ಸಿ.ಬಿ.ಗೆ ಟ್ರಿಪ್ ಆಗಲು, ಅಂದರೆ ತಾನೇ ಕರೆಂಟ್ ಕಡಿಯಲು, ಯಾರ ಹಂಗೂ ಬೇಡ. ಓವರ್‌ಲೋಡ್ ಆದರೆ ಒಳಗಿನ ಬೈಮೆಟಲ್ (ಎರಡು ಲೋಹದ ಪಟ್ಟಿ) ಬಿಸಿಯಾಗಿ ಬಾಗುತ್ತದೆ, ಶಾರ್ಟ್ ಆದರೆ ಮ್ಯಾಗ್ನೆಟ್ ಎಳೆಯುತ್ತದೆ, ಮುಗೀತು. ನಮ್ಮ ವಿ.ಸಿ.ಬಿ.ಯಲ್ಲಿ ಸಿ.ಟಿ.ಯಿಂದ (ಲೈನ್ ಕರೆಂಟನ್ನು ಅಳತೆಗೆ ಇಳಿಸುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಬಂದ ಕರೆಂಟ್ ನೋಡಿ ರಿಲೇ ಎಂಬ ಕಾವಲು ಸಾಧನ ತೀರ್ಮಾನ ಮಾಡಬೇಕು, ಆಮೇಲೆ ಬ್ರೇಕರ್ ಬಿಡಿಸುವ ಟ್ರಿಪ್ ಕಾಯಿಲ್ ಎಳೆಯಬೇಕು, ಆ ಕಾಯಿಲ್‌ಗೆ 30 ವೋಲ್ಟ್ ಡಿ.ಸಿ. ಬೇಕು. ಅದನ್ನು ಕೊಡುವುದು ಪಕ್ಕದ ಚಾರ್ಜರ್ ಮತ್ತು ಬ್ಯಾಟರಿ.

ಬ್ಯಾಟರಿ ಸತ್ತಿದ್ದರೂ ಚಾರ್ಜರ್ ಓಡುತ್ತಿರುವ ತನಕ ಪ್ಯಾನೆಲ್ ದೀಪಗಳೆಲ್ಲ ಸುಮ್ನೆ ಉರಿಯುತ್ತಲೇ ಇರುತ್ತವೆ. ಫಾಲ್ಟ್ ಆದಾಗ ವೋಲ್ಟೇಜ್ ಕುಸಿಯುತ್ತದೆ, ಚಾರ್ಜರ್ ಮಲಗುತ್ತದೆ, ಬ್ಯಾಟರಿ ಬೇಕೇಬೇಕಾದ ಆ ಹೊತ್ತಿಗೇ ಅದು ಕೈ ಎತ್ತುತ್ತದೆ. ಮಳೆಗಾಲದಲ್ಲಿ ನಮ್ಮ ಟ್ರಾನ್ಸ್‌ಫಾರ್ಮರ್ ಕೇಬಲ್ ಎಂಡ್ ಸುಟ್ಟಾಗ ಹೀಗೇ ಆಯಿತು. ನಮ್ಮ ಬ್ರೇಕರ್ ಅಲುಗಲಿಲ್ಲ, ಸಬ್‌ಸ್ಟೇಷನ್ನಿನ ಫೀಡರ್ (ಸುತ್ತಲಿನವರಿಗೆಲ್ಲ ಕರೆಂಟ್ ಕೊಡುವ ಲೈನ್) ಟ್ರಿಪ್ ಆಯಿತು, ಅಕ್ಕಪಕ್ಕದ ಘಟಕಗಳವರು ಫೋನ್ ಮಾಡಿ ಬೈದರು. ಪ್ಯಾನೆಲ್ ಮಾರಿದವನನ್ನು ಕೇಳಿದರೆ, ಬ್ಯಾಟರಿ ವಾರಂಟಿಗೆ ಬರಲ್ಲ ಸಾರ್ ಅಂದ. ಸೆಲ್ಫ್ ಪವರ್ಡ್ ರಿಲೇ ಅಂತ ಒಂದಿದೆ, ಸಿ.ಟಿ. ಕರೆಂಟ್‌ನಲ್ಲೇ ಟ್ರಿಪ್ ಮಾಡುತ್ತದೆ ಎಂದು ಕೊಳ್ಳುವಾಗ ಅವನು ಬಾಯಿಬಿಟ್ಟಿರಲಿಲ್ಲ.

ಬಿಡಿಭಾಗದ ಮಾತೇ ಬೇಡ. ಎಂ.ಸಿ.ಸಿ.ಬಿ. ಹೋದರೆ ಎಸ್.ಪಿ. ರೋಡಿಗೆ ಹೋಗಿ ಸಂಜೆಯೊಳಗೆ ತರಬಹುದು, ವಿ.ಸಿ.ಬಿ. ಭಾಗ ಕಂಪನಿಯಿಂದಲೇ ಬರಬೇಕು.

ಎಚ್.ಟಿ.ಗೂ ಒಂದು ಮಾರ್ಕ್ಸ್ ಕೊಡಲೇಬೇಕು. 250 ಕೆ.ವಿ.ಎ. ಲೋಡಿಗೆ 415 ವೋಲ್ಟಿನಲ್ಲಿ ಸುಮಾರು 348 ಆಂಪಿಯರ್, 11 ಕೆ.ವಿ.ಯಲ್ಲಿ ಬರೀ 13. ಕರೆಂಟ್ ಕಡಿಮೆ ಇರುವುದರಿಂದ, ಪೀಣ್ಯದಲ್ಲಿ ಕೇಬಲ್ ತುದಿಯ ಲಗ್ ಸಡಿಲವಾಗಿ ಬಸ್‌ಬಾರ್ (ಕರೆಂಟ್ ಹರಿಯುವ ಲೋಹದ ಪಟ್ಟಿ) ಕಪ್ಪಾಗುವ ಕಾಟ ದಾಬಸ್‌ಪೇಟೆಯ ಎಚ್.ಟಿ. ಪ್ಯಾನೆಲ್‌ನಲ್ಲಿಲ್ಲ. ಆದರೆ ಟ್ರಾನ್ಸ್‌ಫಾರ್ಮರ್ ಆಚೆ ಹೇಗಿದ್ದರೂ ಎಲ್.ಟಿ. ಪ್ಯಾನೆಲ್ ಬೇಕೇ ಬೇಕು, ಅಂದರೆ ಖರ್ಚು ಎರಡೆರಡು, ಅಲ್ವಾ?

ನನ್ನಂತೆ ಒಬ್ಬನೇ ಎಲೆಕ್ಟ್ರಿಷಿಯನ್ ಇಟ್ಟುಕೊಂಡು, ಸರ್ವಿಸ್ ಕಾಂಟ್ರ್ಯಾಕ್ಟಿಗೆ ದುಡ್ಡು ಬಿಚ್ಚಲು ಹಿಂದೆಮುಂದೆ ನೋಡುವವರು, ಲೋಡ್ ಎಲ್.ಟಿ. ಮಿತಿಯೊಳಗೆ ಇದ್ದರೆ ಅಲ್ಲೇ ಇರಿ. ಎಚ್.ಟಿ. ಅನಿವಾರ್ಯವಾದರೆ ಕೊಟೇಷನ್‌ನಲ್ಲೇ ಸೆಲ್ಫ್ ಪವರ್ಡ್ ರಿಲೇ ಬರೆಸಿ. ಈಗಾಗಲೇ ಬ್ಯಾಟರಿ ಇದ್ದರೆ, ಚಾರ್ಜರ್ ಆಫ್ ಮಾಡಿಸಿ ಟ್ರಿಪ್ ಆಗುತ್ತದೋ ಇಲ್ಲವೋ ನೋಡಿಸಿ.